ಕಿವಿಯಲ್ಲಿ ಓದುವವರು ಶುಗರ್ ಮಾಹಿತಿಯನ್ನು ಜರಡಿ ಹಿಡಿಯೋದು ಹೇಗೆ?

ಕಣ್ಣು ಚೆನ್ನಾಗಿರುವವರು ಒಂದು ವೆಬ್ ಪುಟ ತೆರೆದ ತಕ್ಷಣ ಅರ್ಧ ತೀರ್ಮಾನ ಮಾಡಿಬಿಡುತ್ತಾರೆ. ಮಿನುಗುವ ಜಾಹೀರಾತು, ದೊಡ್ಡ ಕೆಂಪಕ್ಷರದ 'ಈಗಲೇ ಕೊಳ್ಳಿ', ಎಲ್ಲಾ ಒಂದೇ ನೋಟಕ್ಕೆ ಸಿಗುತ್ತದೆ. ಕಣ್ಣು ಸರಿಯಾಗಿ ಕಾಣದ ನಮಗೆ ಹಾಗಲ್ಲ. ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಇರುವುದು ಒಂದೇ ದನಿ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದನ್ನೂ, ಯಾವುದೋ ಪುಡಿ ಮಾರುವವನು ಹೇಳಿದ್ದನ್ನೂ ಅದು ಅಷ್ಟೇ ಗಂಭೀರವಾಗಿ ಓದುತ್ತದೆ, ನಡುವೆ ಜಾಹೀರಾತಿನ ಎರಡು ಸಾಲು ನುಸುಳಿದರೂ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಯಾವ ಪುಟವನ್ನೂ ಮೇಲಿನಿಂದ ಓದಲು ಶುರು ಮಾಡುವುದಿಲ್ಲ.

ಮೊದಲು ಕೊನೆಗೆ ಹೋಗುತ್ತೇನೆ. ಕಂಪ್ಯೂಟರ್‌ನಲ್ಲಾದರೆ ಕಂಟ್ರೋಲ್ ಮತ್ತು ಎಂಡ್ ಒತ್ತಿದರೆ ಆಯಿತು. ಐಫೋನಿನ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್‌ನಲ್ಲಿ ಪರದೆಯ ಕೆಳಭಾಗವನ್ನು ನಾಲ್ಕು ಬೆರಳಲ್ಲಿ ಒಮ್ಮೆ ತಟ್ಟಬೇಕು. ಬರೆದವರು ಯಾರು, ವೈದ್ಯರು ಯಾರಾದರೂ ಪರಿಶೀಲಿಸಿದ್ದಾರಾ, ಕೊನೆಯ ಸಲ ತಿದ್ದಿದ್ದು ಯಾವಾಗ, ಇದೆಲ್ಲ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ದಿನಾಂಕ ಮುಖ್ಯ. ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ ತನ್ನ ಚಿಕಿತ್ಸಾ ಮಾರ್ಗಸೂಚಿಯನ್ನು ಪ್ರತಿ ವರ್ಷ ಹೊಸದು ಮಾಡುತ್ತದೆ, ಅಂದಮೇಲೆ ಹತ್ತು ವರ್ಷ ಹಳೆಯ ಲೇಖನವನ್ನು ಕೂತು ಕೇಳುವುದು ಸುಮ್ನೆ ಟೈಮ್ ವೇಸ್ಟ್. ಹೆಸರೂ ಇಲ್ಲ, ದಿನಾಂಕವೂ ಇಲ್ಲ, 'ಕಾರ್ಟ್‌ಗೆ ಸೇರಿಸಿ' ಅನ್ನುವ ಬಟನ್ ಮಾತ್ರ ಇದೆ ಅಂದರೆ ಮುಚ್ಚಿ ಮುಂದೆ ಹೋಗಿ.

ಎಲ್ಲಿಂದ ಶುರು ಮಾಡುವುದು? ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಡಯಾಬಿಟಿಸ್ ಫೆಡರೇಷನ್, ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್, ಕಣ್ಣಿನ ವಿಷಯಕ್ಕೆ ಅಲ್ಲಿನ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್. ಕಂಪ್ಯೂಟರ್‌ನಲ್ಲಿ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಬಳಸುವವರು ಇಂಥ ಪುಟಗಳಲ್ಲಿ ಎಚ್ ಕೀ ಒತ್ತುತ್ತಾ ಹೆಡಿಂಗ್‌ನಿಂದ ಹೆಡಿಂಗ್‌ಗೆ ಹಾರಬಹುದು. ಸ್ವಲ್ಪ ಕಾಣುತ್ತದೆ ಅನ್ನುವವರು ಬ್ರೌಸರ್‌ನ ರೀಡರ್ ಮೋಡ್ ಹಾಕಿ ಅಕ್ಷರ ದೊಡ್ಡದು ಮಾಡಿಕೊಳ್ಳಿ, ಜಾಹೀರಾತಿನ ಕಾಟವೂ ಬಹುಪಾಲು ಹೋಗುತ್ತದೆ.

ಕನ್ನಡದಲ್ಲಿ ಕೇಳುವವರಿಗೆ ಇನ್ನೊಂದು ತಲೆನೋವಿದೆ. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಅಚ್ಚ ಕನ್ನಡವಾಗಿ ಕಾಣುತ್ತದೆ, ಆದರೆ ಒಳಗಿರುವುದು ಎಲ್ಲಾ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡ್ ಅಕ್ಷರ ಅಲ್ಲವಾದ್ದರಿಂದ ಸ್ಕ್ರೀನ್ ರೀಡರ್ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ತಪ್ಪು ನಿಮ್ಮ ಫೋನಿನದಲ್ಲ. ಅದನ್ನು ಚಿತ್ರದಂತೆ, ಚಿತ್ರದೊಳಗಿನ ಅಕ್ಷರ ಗುರುತಿಸುವ ಒಸಿಆರ್‌ಗೆ ಕೊಡಬೇಕು, ಇಲ್ಲವೇ ಯೂನಿಕೋಡ್‌ನಲ್ಲಿ ಕಳಿಸಿ ಅಂತ ಕೇಳಬೇಕು. ಇಂಗ್ಲಿಷ್ ಪುಟವನ್ನು ಅನುವಾದ ಮಾಡಿಸಿ ಕೇಳುವುದೂ ಒಂದು ದಾರಿ. ಆದರೆ ಅಂಕಿ, ಔಷಧಿ ಹೆಸರು, 'ಬೇಡ' 'ಕೂಡದು' ಅನ್ನುವ ಮಾತು ಬಂದಲ್ಲೆಲ್ಲ ಮೂಲದಲ್ಲಿ ಒಮ್ಮೆ ಕೇಳಿ ನೋಡಿ.

ಅಂಕಿಗಳಲ್ಲೇ ಜಾಸ್ತಿ ಮೋಸ ಹೋಗುವುದು. ಶುಗರ್ 70ಕ್ಕಿಂತ ಕಡಿಮೆ ಅನ್ನುವುದನ್ನು ತುಂಬಾ ಕಡೆ ಒಂದು ಬಾಣದಂಥ ಚಿಹ್ನೆ ಹಾಕಿ ಬರೆದಿರುತ್ತಾರೆ. ನಿಮ್ಮ ಸ್ಕ್ರೀನ್ ರೀಡರ್‌ನಲ್ಲಿ ಚಿಹ್ನೆ ಓದುವ ಮಟ್ಟ ಕಡಿಮೆ ಇದ್ದರೆ ಆ ಚಿಹ್ನೆಯನ್ನೇ ನುಂಗಿ ಬರೀ '70' ಅನ್ನಬಹುದು. 70ಕ್ಕಿಂತ ಕಡಿಮೆಯಾದರೆ ಎಚ್ಚರ ಅನ್ನುವ ಸಾಲು, 70 ಇರಬೇಕು ಅನ್ನುವ ಹಾಗೆ ಕೇಳಿಸಿದರೆ ಗತಿ ಏನು? ಆರೋಗ್ಯದ ಪುಟ ಓದುವಾಗ ಚಿಹ್ನೆಗಳ ಮಟ್ಟವನ್ನು ಪೂರ್ತಿ ಏರಿಸಿಡಿ, ಕಿರಿಕಿರಿ ಆದರೂ ಪರವಾಗಿಲ್ಲ. ಅಂಕಿ ಬಂದ ಜಾಗದಲ್ಲಿ ಒಂದೊಂದೇ ಅಕ್ಷರ ಸರಿಸಿ ಕೇಳಿ.

ಆಮೇಲೆ ಅಳತೆ. ಕೆಲವು ದೇಶಗಳು ಶುಗರ್ ಅನ್ನು ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಅಂತ ಹೇಳುತ್ತವೆ, ಇನ್ನು ಕೆಲವು ಲೀಟರ್‌ಗೆ ಇಷ್ಟು ಮಿಲಿಮೋಲ್ ಅನ್ನುತ್ತವೆ. ಎರಡನೆಯದನ್ನು 18ರಿಂದ ಗುಣಿಸಿದರೆ ಹೆಚ್ಚುಕಡಿಮೆ ಮೊದಲನೆಯದು ಸಿಗುತ್ತದೆ. 7 ಅಂದರೆ 126. ಬ್ರಿಟನ್ನಿನ ಪುಟದಲ್ಲಿ 'ಏಳು' ಅಂತ ಕೇಳಿಸಿ, ಅದನ್ನು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಅಂದುಕೊಂಡು ನಾನೇ ಒಂದು ದಿನವಿಡೀ ಗೊಂದಲದಲ್ಲಿದ್ದೆ. ಆ ಎಚ್‌ಬಿಎ1ಸಿಗೂ ಎರಡು ಅಳತೆ ಇದೆ, ಒಂದು ಕಡೆ 6.5 ಶೇಕಡಾ ಅನ್ನುವುದನ್ನೇ ಇನ್ನೊಂದು ಕಡೆ ಮೋಲ್‌ಗೆ 48 ಮಿಲಿಮೋಲ್ ಅನ್ನುತ್ತಾರೆ. ಹಾಗಾಗಿ ಅಂಕಿ ಆದಮೇಲೆ ಬರುವ ಅಳತೆ ಕೇಳಿಸುವ ತನಕ ಆ ಅಂಕಿಯನ್ನು ಮನಸ್ಸಿಗೆ ಹಾಕಿಕೊಳ್ಳಬೇಡಿ.

ಲ್ಯಾಬ್ ರಿಪೋರ್ಟ್ ಫೋಟೋ ತೆಗೆದು ಸೀಯಿಂಗ್ ಎಐ, ಲುಕ್‌ಔಟ್ ತರದ ಆ್ಯಪ್‌ಗಳಲ್ಲಿ ಓದಿಸಬಹುದು. ಒಳ್ಳೆಯ ಆ್ಯಪ್‌ಗಳೇ. ಆದರೆ ಒಸಿಆರ್‌ಗೆ ಒಂದು ಚುಕ್ಕಿ ತಪ್ಪಿದರೆ 6.5 ಹೋಗಿ 65 ಆಗುತ್ತದೆ. ಇನ್ಸುಲಿನ್ ಪ್ರಮಾಣದಲ್ಲಿ ಇದು ಆಟವಲ್ಲ. 10 ಆದಮೇಲೆ ಅಂಟಿಕೊಂಡಂತೆ ಯೂನಿಟ್‌ನ 'ಯು' ಬರೆದರೆ ಅದನ್ನು ಸೊನ್ನೆ ಅಂತ ಓದಿ 100 ಮಾಡಿಕೊಳ್ಳುವ ಅಪಾಯ ಕಣ್ಣಿದ್ದವರಿಗೇ ಇದೆ, ಇನ್ನು ಯಂತ್ರದ ಮಾತೇನು. ಡೋಸ್ ಅನ್ನು ಯಾವತ್ತೂ ಮನುಷ್ಯರ ಬಾಯಲ್ಲೇ ಖಚಿತ ಮಾಡಿಕೊಳ್ಳಿ. ಬಿ ಮೈ ಐಸ್‌ನಲ್ಲಿ ವಿಡಿಯೋ ಕರೆಗೆ ಸ್ವಯಂಸೇವಕರು ಸಿಗುತ್ತಾರೆ, ಅವರು ಬರೆದದ್ದನ್ನು ಓದಿ ಹೇಳಬಹುದು, ಆದರೆ ಸರಿಯೋ ತಪ್ಪೋ ಹೇಳಬೇಕಾದವರು ವೈದ್ಯರು ಅಥವಾ ಫಾರ್ಮಸಿಸ್ಟ್. ವಾಯ್ಸ್ ಅಸಿಸ್ಟೆಂಟ್ ಅಥವಾ ಎಐ ಉತ್ತರ ಕೊಟ್ಟರೆ 'ಇದು ಎಲ್ಲಿಂದ ಬಂತು?' ಅಂತ ಕೇಳಿ, ಅದು ಹೇಳಿದ ಪುಟವನ್ನು ತೆರೆದೇ ನೋಡಿ. ಆ ಮಾತು ಪುಟದಲ್ಲಿ ಇರದೇ ಹೋಗುವುದೂ ಉಂಟು.

ಮಾಹಿತಿ ಸರಿಯಾಗಿದ್ದರೂ ನಮಗೆ ಹೊಂದದೇ ಇರಬಹುದು, ಅಲ್ವಾ? 'ದಿನಾ ಪಾದ ನೋಡಿಕೊಳ್ಳಿ' ಅಂತ ಎಲ್ಲಾ ಕಡೆ ಇರುತ್ತದೆ. ನೋಡುವುದು ಹೇಗೆ ಸ್ವಾಮಿ! ಕೈಯಲ್ಲಿ ತಡವಿ ನೋಡಬಹುದು, ಆದರೆ ಶುಗರ್‌ನಿಂದ ಬೆರಳ ತುದಿಯೂ ಜೋಮು ಹಿಡಿದಿದ್ದರೆ ಅದೂ ಸಾಲದು, ಮನೆಯವರ ಕಣ್ಣು ಬೇಕು. ಬ್ರೈಲ್ ಕಲಿಯಬೇಕು ಅನ್ನುವವರೂ ಈ ಜೋಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹಾಗೇ, ಶುಗರ್ ಏರಿಳಿದಾಗ ಕಣ್ಣಿನ ಮಸೂರ ಊದಿ ದೃಷ್ಟಿ ತಾತ್ಕಾಲಿಕವಾಗಿ ಮಂಜಾಗುತ್ತದೆ, ಆ ಹೊತ್ತಲ್ಲಿ ಹೊಸ ಕನ್ನಡಕ ಮಾಡಿಸಿದರೆ ಹಣ ದಂಡ. ಇನ್ನೊಂದು ಮಾತು ಸಾಮಾನ್ಯ ಲೇಖನಗಳಲ್ಲಿ ಅಪರೂಪಕ್ಕೆ ಸಿಗುತ್ತದೆ: ರೆಟಿನೋಪತಿ (ಶುಗರ್‌ನಿಂದ ಕಣ್ಣಿನ ಒಳಪರದೆಗೆ ಆಗುವ ಹಾನಿ) ಇದ್ದವರಿಗೆ ಶುಗರ್ ತುಂಬಾ ಬೇಗ ಇಳಿದರೆ ಕಣ್ಣು ಸ್ವಲ್ಪ ಕಾಲ ಹದಗೆಡಬಹುದು. ಅದಕ್ಕೆ ಔಷಧಿ ನಿಲ್ಲಿಸುವುದಲ್ಲ, ಶುಗರ್ ಡಾಕ್ಟರಿಗೆ ಕಣ್ಣಿನ ಸ್ಥಿತಿಯನ್ನೂ ಕಣ್ಣಿನ ಡಾಕ್ಟರಿಗೆ ಹೊಸ ಔಷಧಿಯನ್ನೂ ತಿಳಿಸಬೇಕು. ಅವರಿಬ್ಬರು ಮಾತಾಡಿಕೊಂಡಿರುತ್ತಾರೆ ಅಂತ ನಂಬಿ ಕೂರಬೇಡಿ.

'ಶುಗರ್ ಪೂರ್ತಿ ಗುಣ' ಅನ್ನುವ ಆಡಿಯೋ ಬಂದರೆ ಅದನ್ನು ಒರೆಗೆ ಹಚ್ಚಲು ಒಂದೇ ಮಾತು ಸಾಕು. 2021ರಲ್ಲಿ ತಜ್ಞರು ಕೂಡಿ ಒಪ್ಪಿಕೊಂಡ ಪ್ರಕಾರ, ಶುಗರ್ ಇಳಿಸುವ ಔಷಧಿ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5 ಶೇಕಡಾಕ್ಕಿಂತ ಕಡಿಮೆ ಇದ್ದರೆ ಅದು ರೆಮಿಷನ್, ಅಂದರೆ ಕಾಯಿಲೆ ಸದ್ಯಕ್ಕೆ ತಗ್ಗಿರುವ ಸ್ಥಿತಿ. 'ಗುಣ' ಅನ್ನುವ ಮಾತನ್ನು ಅವರು ಬೇಕೆಂದೇ ಬಿಟ್ಟರು. ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಬಹುತೇಕ ನಿಂತಿರುವ ಟೈಪ್ 1 ಶುಗರ್ ಇರುವವರಿಗೆ ಇನ್ಸುಲಿನ್ ಬಿಡಿ ಅನ್ನುವ ಆಡಿಯೋವನ್ನು ಪೂರ್ತಿ ಕೇಳುವುದೂ ಬೇಡ.

ಎಲ್ಲಾ ಆದಮೇಲೂ ಉಳಿದ ಪ್ರಶ್ನೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ. ಸೂಚನೆಗಳನ್ನು ಚೀಟಿಯಲ್ಲಿ ಬೇಡ, ಟೈಪ್ ಮಾಡಿದ ಮೆಸೇಜ್ ಆಗಿ ಕಳಿಸಿ ಅಂತ ಕೇಳಿ, ಇಲ್ಲವೇ ಅವರ ಒಪ್ಪಿಗೆ ಪಡೆದು ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ಆದರೆ ಕಣ್ಣೆದುರು ಇದ್ದಕ್ಕಿದ್ದಂತೆ ಕಪ್ಪು ಚುಕ್ಕಿಗಳು ತೇಲಿದರೆ, ಮಿಂಚು ಹೊಡೆದಂತಾದರೆ, ಪರದೆ ಎಳೆದ ಹಾಗೆ ಒಂದು ಪಕ್ಕ ಕತ್ತಲಾದರೆ ಈ ಹುಡುಕಾಟ ಯಾವುದೂ ಬೇಡ. ಅವತ್ತೇ ಕಣ್ಣಾಸ್ಪತ್ರೆಗೆ ಹೊರಡಿ.