ಸಾಂಕ್ರಾಮಿಕದ ಹೊತ್ತಲ್ಲಿ ಕ್ಯಾನ್‌ಬಾನ್ ಕಾರ್ಡ್ ಲೆಕ್ಕ ತಿದ್ದಿಕೊಳ್ಳಿ

ಮಾಲು ತಡವಾಗ್ತಿದೆ ಅಂತ ಲೀನ್ ಪದ್ಧತಿಯನ್ನೇ (ಬೇಕಾದಷ್ಟನ್ನು ಬೇಕಾದಾಗಷ್ಟೇ ತರಿಸುವ ಕ್ರಮ) ಕೈಬಿಡಬೇಡಿ, ಕ್ಯಾನ್‌ಬಾನ್ ಕಾರ್ಡ್ ಲೆಕ್ಕ ತಿದ್ದಿ. ಭಾಗಗಳನ್ನಿಡುವ ಒಂದೊಂದು ಬಿನ್‌ಗೆ (ಡಬ್ಬಿ) ಒಂದೊಂದು ಕಾರ್ಡ್ ಇರುತ್ತೆ, ಅದೇ ಮತ್ತೆ ತರಿಸುವ ಸೂಚನೆ. ದಿನದ ಬಳಕೆಯನ್ನು ಲೀಡ್ ಟೈಮ್‌ನಿಂದ (ಆರ್ಡರ್ ಕೊಟ್ಟು ಮಾಲು ಬರುವವರೆಗಿನ ದಿನಗಳು) ಗುಣಿಸಿ, ಮುನ್ನೆಚ್ಚರಿಕೆಗೆ 25% ಸೇರಿಸಿ, ಒಂದು ಬಿನ್ ಹಿಡಿಯುವ ಸಂಖ್ಯೆಯಿಂದ ಭಾಗಿಸಿ. ದಿನಕ್ಕೆ 40 ಬೇರಿಂಗ್, ಬಿನ್‌ಗೆ 50 ಅಂದುಕೊಳ್ಳಿ: 5 ದಿನಕ್ಕೆ ಬರುತ್ತಿದ್ದಾಗ 5 ಬಿನ್ ಸಾಕಿತ್ತು, 20 ದಿನವಾದರೆ 20 ಬೇಕು. ಸಪ್ಲೈಯರ್ ಹೇಳಿದ ದಿನ ನಂಬಬೇಡಿ. ಕೊನೆಯ ಐದಾರು ಆರ್ಡರ್ ನಿಜಕ್ಕೂ ತಗೊಂಡ ದಿನಗಳಲ್ಲಿ ಹೆಚ್ಚಿನದ್ದನ್ನೇ ಹಿಡಿಯಿರಿ.

ಎಲ್ಲದಕ್ಕೂ ಹೀಗೆ ಮಾಡಿದರೆ ದುಡ್ಡೆಲ್ಲ ಗೋದಾಮಿನಲ್ಲಿ ಕೂರುತ್ತೆ. ಒಬ್ಬರೇ ಸಪ್ಲೈಯರ್ ಇರುವ, ಬದಲಿ ಸಿಗದ ಭಾಗಗಳಿಗೆ ಮಾತ್ರ ಸಾಕು. 2011ರ ಜಪಾನ್ ಭೂಕಂಪದ ನಂತರ ಟೊಯೋಟಾ ಚಿಪ್‌ಗಳ ದಾಸ್ತಾನು ಹೆಚ್ಚಿಸಿದ್ದೂ ಇದೇ ಯೋಚನೆಯಿಂದ. ಹೆಚ್ಚುವರಿ ಕಾರ್ಡ್‌ಗಳನ್ನು ಕೆಂಪು ಮಾಡಿ, ಮೇಲೆ ಪರಿಶೀಲನೆಯ ತಾರೀಕು ಬರೆಯಿರಿ. ಇಲ್ಲದಿದ್ದರೆ ಸಾಗಣೆ ಸರಿಹೋದ ಮೇಲೂ ಆ 15 ಬಿನ್ ಹಾಗೇ ಉಳಿದುಬಿಡುತ್ತವೆ.