ಕಸೂತಿ ಕಲಿಸಲು ಕೂರುವ ಮೊದಲು ಮನಸ್ಸನ್ನು ಹದ ಮಾಡಿಕೊಂಡದ್ದು

ಧಾರವಾಡದ ಕಡೆ ಕಸೂತಿ ಬರುವ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಅದರಿಂದ ಮನೆ ನಡೆಸುವಷ್ಟು ದುಡಿಯುವವರು ಮಾತ್ರ ಕಡಿಮೆ. ನಾನು ಈಗ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಕಸೂತಿ ಕಲಿಸುತ್ತೇನೆ. ಪಾಠ ಮಾಡುವುದು, ಲೆಕ್ಕ ಬರೆಯುವುದು, ಪಾರ್ಸೆಲ್ ಕಟ್ಟುವುದು, ಫೋನ್ ಎತ್ತುವುದು ಎಲ್ಲಾ ನಾನೊಬ್ಬಳೇ. ಇಂಥದ್ದೇನಾದರೂ ಶುರು ಮಾಡಬೇಕು ಅನ್ನುವವರು ನನ್ನನ್ನು ಮೊದಲು ಕೇಳುವುದು ಯಾವ ಆ್ಯಪ್, ಯಾವ ಕ್ಯಾಮೆರಾ ಅಂತ. ಅದೆಲ್ಲ ಒಂದು ಮಧ್ಯಾಹ್ನ ಕೂತರೆ ಬಗೆಹರಿಯುತ್ತದೆ. ನನಗೆ ಜಾಸ್ತಿ ಕಾಲ ಹಿಡಿದದ್ದು ಒಂದೇ ಮಾತನ್ನು ಒಪ್ಪಿಕೊಳ್ಳಲು: ನನ್ನ ಹತ್ತಿರ ಮಾರಲು ಇರುವುದು ನನ್ನ ಗಂಟೆಗಳು, ಅವಕ್ಕೆ ಬೆಲೆ ಹೇಳಬೇಕಾದವಳು ನಾನೇ.

ಮೊದಲು ತಲೆಯಲ್ಲಿದ್ದದ್ದು ಸೀರೆ ಮಾರುವ ಯೋಚನೆ. ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆ ಬಿಡಿಸುವುದು ನನಗೆ ಚಿಕ್ಕಂದಿನಿಂದ ಬರುತ್ತದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಕೊಂಡೇ ಹೋಗಬೇಕು, ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯ ಅಂತ ನಾಲ್ಕು ಬಗೆಯ ಹೊಲಿಗೆ. ಗವಂತಿ, ಮುರ್ಗಿ ಸರಿಯಾಗಿ ಬಂದರೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಸೆರಗು ತುಂಬಾ ಹಾಕಬೇಕಾದರೆ ವಾರಗಟ್ಟಲೆ ಕಣ್ಣು, ಬೆನ್ನು ಎರಡೂ ಸವೆಯುತ್ತವೆ.

ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ನನ್ನ ಗಂಟೆಗೆ ಸಾಧಾರಣ ಕೂಲಿ ಹಿಡಿದರೂ ಸೀರೆಯ ಬೆಲೆ ಎಲ್ಲಿಗೋ ಹೋಗುತ್ತಿತ್ತು. ಅದರ ಪಕ್ಕದಲ್ಲೇ ಮಷೀನಿನಲ್ಲಿ ಹಾಕಿದ ಕೆಲಸ ಕಸೂತಿ ಅನ್ನುವ ಹೆಸರಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಸರಿ, ಒಳ್ಳೆಯ ಬೆಲೆಗೇ ಮಾರಾಟವಾಯಿತು ಅಂದುಕೊಳ್ಳೋಣ. ಆಗಲೂ ವರ್ಷಕ್ಕೆ ನನ್ನ ಕೈಯಿಂದ ಆಗುವ ಸೀರೆಗಳು ಬೆರಳೆಣಿಕೆಯಷ್ಟು. ಆರ್ಡರ್ ಹೆಚ್ಚಾದಷ್ಟೂ ಹೆದರಿಕೆ ಹೆಚ್ಚಾಗುವ ವ್ಯಾಪಾರ ಅದು. ಒಬ್ಬರೇ ಮಾಡುವವರು ಈ ಲೆಕ್ಕವನ್ನು ಮೊದಲೇ ಹಾಕಬೇಕು. ಅದೇ ಒಂದು ಗಂಟೆಯಲ್ಲಿ ಎಂಟು ಜನರಿಗೆ ಕಲಿಸಬಹುದು. ಎಂಟಕ್ಕಿಂತ ಹೆಚ್ಚಾದರೆ ಒಬ್ಬೊಬ್ಬರ ಬಟ್ಟೆಯನ್ನು ಕ್ಯಾಮೆರಾದಲ್ಲಿ ನೋಡಲು ಆಗುವುದಿಲ್ಲ. ಹೀಗೆ ಪಾಠ ನನ್ನ ವ್ಯಾಪಾರವಾಯಿತು, ಸೀರೆ ನನ್ನ ಸಂತೋಷಕ್ಕೆ ಉಳಿಯಿತು.

ಇನ್ನು ಫೀ. ಬೆಲೆ ಹೇಳುವುದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಬಹಳ ಕಷ್ಟ. ಅಡುಗೆ, ಹೊಲಿಗೆ, ರಂಗೋಲಿ ಇವಕ್ಕೆಲ್ಲ ದುಡ್ಡು ಕೇಳಬಾರದು ಅಂತ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಮೈಗೆ ಹತ್ತಿರುತ್ತದೆ. "ಮನೆಯಲ್ಲಿ ಸುಮ್ನೆ ಕೂತಿರ್ತೀಯಲ್ಲ, ನನ್ನ ಮಗಳಿಗೂ ಒಂದಿಷ್ಟು ಹೇಳಿಕೊಡು" ಅನ್ನುವವರು ಕೆಟ್ಟವರಲ್ಲ. ಅವರಿಗೆ ಇದು ಕೆಲಸ ಅಂತ ಕಾಣುವುದಿಲ್ಲ, ಅಷ್ಟೇ. ಕಾಣುವಂತೆ ಮಾಡುವುದು ನನ್ನ ಹೊಣೆ. ಅದಕ್ಕೇ ಒಂದು ವಾಕ್ಯ ಕಟ್ಟಿಕೊಂಡೆ: "ಶನಿವಾರದ ಬ್ಯಾಚ್‌ನಲ್ಲಿ ಜಾಗ ಇದೆ, ಫೀ ಇಷ್ಟು, ಕ್ಯೂಆರ್ ಕೋಡ್ ಕಳಿಸಲಾ?" ಅದನ್ನು ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ಬೆಲೆ ಹೇಳುವುದಕ್ಕಿಂತ, ಹೇಳಿದ ಮೇಲೆ ಸುಮ್ಮನಿರುವುದಕ್ಕೆ ಜಾಸ್ತಿ ರೂಢಿ ಬೇಕು. "ನಿಮಗಾದರೆ ಸ್ವಲ್ಪ ಕಡಿಮೆ ಮಾಡ್ತೀನಿ" ಅನ್ನುವ ಬಾಲ ತಾನಾಗಿಯೇ ನಾಲಿಗೆಯ ತುದಿಗೆ ಬರುತ್ತದೆ. ಬೇಸಿಗೆ ರಜೆಯಲ್ಲಿ ಓಣಿಯ ಶಾಲಾ ಹುಡುಗಿಯರಿಗೆ ನಾನು ಪುಕ್ಕಟೆ ಕಲಿಸುತ್ತೇನೆ. ಅದು ನಾನಾಗಿ ಆರಿಸಿಕೊಂಡದ್ದು, ಸಂಕೋಚಕ್ಕೆ ಬಿಟ್ಟುಕೊಟ್ಟದ್ದಲ್ಲ.

ಮೊದಲ ಬ್ಯಾಚ್‌ಗೆ ನನ್ನ ಹತ್ತಿರ ವಿಡಿಯೋ ಇರಲಿಲ್ಲ, ವೆಬ್‌ಸೈಟ್ ಇರಲಿಲ್ಲ. ವಾಟ್ಸಾಪ್‌ನಲ್ಲಿ ಒಂದು ಫೋಟೋ, ನಾಲ್ಕು ಸಾಲು, ಫೀ, ಯುಪಿಐ ಐಡಿ. ದುಡ್ಡು ಬಂದ ಮೇಲೇ ಪಾಠದ ಚಿತ್ರಗಳನ್ನು ಗ್ರಾಫ್ ಹಾಳೆಯಲ್ಲಿ ಬರೆಯಲು ಕೂತೆ. ಜನ ಚೆನ್ನಾಗಿದೆ ಅನ್ನುವುದಕ್ಕೂ ದುಡ್ಡು ಹಾಕುವುದಕ್ಕೂ ಬಹಳ ಅಂತರವಿದೆ. ಆರು ತಿಂಗಳು ತಯಾರಿ ಮಾಡಿ ಆಮೇಲೆ ಅದನ್ನು ತಿಳಿಯುವ ಬದಲು, ಮೊದಲೇ ತಿಳಿದುಕೊಳ್ಳುವುದು ಮನಸ್ಸಿಗೂ ಹಗುರ.

ಮನೆಯವರ ವಿಷಯಕ್ಕೆ ನಾನು ದೊಡ್ಡ ಭಾಷಣ ಮಾಡಲಿಲ್ಲ. ಕೆಲಸದ ಹೊತ್ತಿನಲ್ಲಿ ಕೋಣೆಯ ಬಾಗಿಲು ಹಾಕುತ್ತೇನೆ, ಆಮೇಲೆ ತೆಗೆಯುತ್ತೇನೆ. ದಿನವೂ ಅದೇ ಹೊತ್ತು. ಕೆಲವು ವಾರಗಳಲ್ಲಿ ಎಲ್ಲರಿಗೂ ಅಭ್ಯಾಸವಾಯಿತು. ಅಮೆರಿಕದಲ್ಲಿರುವ ಕನ್ನಡದವರ ಬ್ಯಾಚ್‌ಗೂ ಇದೇ ನಿಯಮ. ನಮ್ಮ ಶನಿವಾರ ಬೆಳಗಿನ 9 ಗಂಟೆ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಲ್ಲಿ ಶುಕ್ರವಾರ ರಾತ್ರಿ 8:30, ಚಳಿಗಾಲಕ್ಕೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದೆ ಹಾಕಿದ ಮೇಲೆ 7:30. ಇಬ್ಬರಿಗೂ ನಿದ್ದೆ ಕೆಡದ ಹೊತ್ತು. ನಡುರಾತ್ರಿ ಎದ್ದು ಪಾಠ ಮಾಡು ಅಂದವರಿಗೆ ಆಗುವುದಿಲ್ಲ ಅಂದೆ. ಅವರಲ್ಲಿ ಕೆಲವರು ಬರಲಿಲ್ಲ, ಇರಲಿ.

ಯಾರೂ ವಿಚಾರಿಸದ ವಾರಗಳು ಬರುತ್ತವೆ. ಆಫೀಸಿನ ಕೆಲಸದಲ್ಲಿ ತಿಂಗಳ ಕೊನೆಗೆ ಸಂಬಳ ಬಂದುಬಿಡುತ್ತದೆ, ಇಲ್ಲಿ ಮೌನವೇ ಬರಬಹುದು. ಆಗ ತಲೆ ಕೆಡದಂತೆ ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿದೆ. ಎಡಗಡೆ ನನ್ನ ಕೈಯಲ್ಲಿರುವುದು, ಬಲಗಡೆ ಇಲ್ಲದ್ದು. ಇನ್‌ಸ್ಟಾಗ್ರಾಮ್‌ನ ಫಾಲೋವರ್ ಲೆಕ್ಕ ಬಲಗಡೆ ಹೋಯಿತು, ಮತ್ತೆ ಅದನ್ನು ದಿನಾ ನೋಡಲಿಲ್ಲ. ಎಡಗಡೆಯ ಕೆಲಸ ಮಾತ್ರ ಮಾಡಿದೆ. ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಎಲ್ಲಿ ಸಿಕ್ಕಿಕೊಂಡಿರಿ ಅಂತ ಕೇಳಿದೆ. ಬಹುತೇಕ ಎಲ್ಲರದ್ದೂ ಒಂದೇ ಉತ್ತರ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತೇವೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತೇವೆ. ಹೋಗುವಾಗ ಒಂದೇ ಒಂದು ಎಳೆ ತಪ್ಪಿದ್ದರೂ ವಾಪಸ್ ಬರುವಾಗಲೇ ಗೊತ್ತಾಗುವುದು. ಅಲ್ಲಿಗೆ ಉತ್ಸಾಹ ಇಳಿದು ಬಟ್ಟೆ ಮೂಲೆ ಸೇರುತ್ತದೆ. ಅದಕ್ಕೆ ಮೊದಲ ಪಾಠವನ್ನೇ ಬದಲಿಸಿದೆ. ಈಗ ಮೊದಲ ದಿನ ಒಂದೇ ಸಾಲು, ಹೋಗುವುದು ಮತ್ತು ಬರುವುದು, ಬೇರೆ ಏನೂ ಇಲ್ಲ. ಮಧ್ಯದಲ್ಲಿ ಬಿಟ್ಟು ಹೋಗುವವರು ಕಡಿಮೆಯಾದರು. ಕೆಲಸದ ಹಿಂಬದಿಯ ಫೋಟೋ ಹಾಕಲು ಶುರು ಮಾಡಿದ್ದೂ ಅದೇ ಕಾಲದಲ್ಲಿ. ಹೊಲಿಗೆ ಬಲ್ಲವರು ಮೊದಲು ಹಿಂಬದಿಯನ್ನೇ ನೋಡುತ್ತಾರೆ, ಅಂಥವರೇ ಬಂದು ಸೇರುತ್ತಾರೆ.

ಒಂದು ಅಂಗಡಿಯವರು ದುಪಟ್ಟಾಗಳ ದೊಡ್ಡ ಆರ್ಡರ್ ತಂದರು. ಕೆಲಸದವರನ್ನು ಇಟ್ಟುಕೋ, ದೊಡ್ಡದಾಗಿ ಬೆಳೆ ಅಂದರು. ನನಗೆ ಜನರನ್ನು ನಡೆಸುವ ಆಸೆಯಿಲ್ಲ. ಬೇಡ ಅಂದೆ. ಆ ಆಸೆ ಇರುವವರು ಬೆಳೆಯಲಿ, ಒಳ್ಳೆಯದೇ. ಆದರೆ ಒಬ್ಬಳೇ ಮಾಡುತ್ತೇನೆ ಅಂತ ನಿರ್ಧರಿಸಿದ ಮೇಲೆ ಬರುವ ಪ್ರತಿ ಅವಕಾಶವನ್ನೂ ಆ ನಿರ್ಧಾರದ ಎದುರು ಇಟ್ಟು ನೋಡಬೇಕು, ಅಲ್ವಾ?

ಕಾಗದಪತ್ರದ ಭಯವನ್ನೂ ಬೇಗ ಕಳೆದುಕೊಳ್ಳಿ. ಸಣ್ಣ ಉದ್ಯಮಗಳಿಗೆ 2020ರ ಜುಲೈನಿಂದ ಇರುವ ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ. ದುಡ್ಡು ಕೇಳುವ ತಾಣ ಕಂಡರೆ ಅಲ್ಲಿಂದ ಎದ್ದು ಬನ್ನಿ. ಆ ಪ್ರಮಾಣಪತ್ರ ಹಿಡಿದು ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದೆ. ಅದರಿಂದ ತಿಂಗಳಿಗೊಮ್ಮೆ ನನಗೇ ಸಂಬಳ ಹಾಕಿಕೊಳ್ಳುತ್ತೇನೆ. ಮನೆಖರ್ಚಿನ ಖಾತೆಯಲ್ಲಿ ಫೀ ಬಂದು ಬೀಳುತ್ತಿದ್ದಾಗ ಅದು ಕೈಖರ್ಚಿನ ಹಣ ಅನ್ನಿಸುತ್ತಿತ್ತು. ಬೇರೆಯಾದ ಮೇಲೆ ವ್ಯಾಪಾರ ಅನ್ನಿಸಿತು.

ಈಗ ನನ್ನ ಮುಂದಿರುವುದು ಬಟ್ಟೆ, ಸೂಜಿ, ದಾರದ ಕಿಟ್ ಮಾರುವ ಪ್ರಶ್ನೆ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಬೇರೆ ರಾಜ್ಯದವರಿಗೆ ಪಾಠ ಮಾಡಲು ಜಿಎಸ್‌ಟಿ ನೋಂದಣಿ ಬೇಡ. ಆದರೆ ಕಿಟ್‌ನಂಥ ಸಾಮಾನನ್ನು ರಾಜ್ಯದ ಹೊರಗೆ ಮಾರಬೇಕಾದರೆ ವಹಿವಾಟು ಚಿಕ್ಕದಿದ್ದರೂ ನೋಂದಣಿ ಬೇಕು. ನೋಂದಣಿ ಆದ ಮೇಲೆ ಏನೂ ಮಾರದ ಅವಧಿಗೂ ತೆರಿಗೆ ಲೆಕ್ಕದ ರಿಟರ್ನ್ ತುಂಬಬೇಕು. ಪುಣೆ, ಹೈದರಾಬಾದಿನವರು ಕಿಟ್ ಕಳಿಸಿ ಅಂತ ಕೇಳುತ್ತಲೇ ಇದ್ದಾರೆ. ಆ ಮಾರಾಟದಿಂದ ಬರುವ ಲಾಭವನ್ನೂ ಅದಕ್ಕೆ ಹೋಗುವ ನನ್ನ ಗಂಟೆಗಳನ್ನೂ ಪಕ್ಕಪಕ್ಕ ಬರೆದು ನೋಡಿದೆ. ಈ ವರ್ಷಕ್ಕೆ ಕಿಟ್ ಕರ್ನಾಟಕದೊಳಗೆ ಮಾತ್ರ. ಹೊರಗಿನವರಿಗೆ ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆ, ಮೊಂಡು ತುದಿಯ ಸೂಜಿ, ಆರೆಳೆಯ ಹತ್ತಿ ದಾರ ಇವುಗಳ ಪಟ್ಟಿ ಕಳಿಸುತ್ತೇನೆ, ಅವರೂರಿನಲ್ಲೇ ಕೊಂಡುಕೊಳ್ಳುತ್ತಾರೆ.