‘ಲೇಡಿ ಆಗ್ನ್ಯೂ’ ಎದುರು ನಿಂತು ಕುಂಚದ ಕೆಲಸ ನೋಡುವ ಬಗೆ

ಜಾನ್ ಸಿಂಗರ್ ಸಾರ್ಜೆಂಟ್ 1892ರಲ್ಲಿ ಬರೆದ ‘ಲೇಡಿ ಆಗ್ನ್ಯೂ ಆಫ್ ಲಾಕ್‌ನಾ’ ತೈಲಚಿತ್ರ ಎಡಿನ್‌ಬರೋದ ನ್ಯಾಷನಲ್ ಗ್ಯಾಲರಿಯಲ್ಲಿದೆ. ಎತ್ತರ ಸುಮಾರು 127 ಸೆಂ.ಮೀ., ಅಗಲ 101. ಎದುರು ನಿಂತ ಕೂಡಲೇ ಆಕೆಯ ನೋಟ ನಮ್ಮನ್ನು ಹಿಡಿದಿಡುತ್ತದೆ. ಕುಂಚದ ಕೆಲಸ ಕಾಣಬೇಕಾದರೆ ಮುಖವನ್ನು ಕೊನೆಗಿಟ್ಟುಕೊಳ್ಳಿ.

ಮೊದಲು ಮೂರು–ನಾಲ್ಕು ಮೀಟರ್ ದೂರ ನಿಂತು ಕಣ್ಣು ಅರೆಮುಚ್ಚಿ. ವಿವರಗಳು ಕರಗಿ ಬಿಳಿ ಉಡುಪು, ತಿಳಿನೇರಳೆ ಸೊಂಟಪಟ್ಟಿ, ಹಿಂದಿನ ನೀಲಿ ಚೀನೀ ರೇಷ್ಮೆ ಇಷ್ಟೇ ಉಳಿಯುತ್ತವೆ. ಆಮೇಲೆ ಸಿಬ್ಬಂದಿ ಬಿಡುವಷ್ಟು ಹತ್ತಿರ ಹೋಗಿ, ಉಡುಪಿನ ಒಂದೇ ಒಂದು ಮಡಿಕೆ ಆರಿಸಿಕೊಳ್ಳಿ. ಕುಂಚ ಎಲ್ಲಿ ಊರಿತು, ಎತ್ತ ತಿರುಗಿತು, ಎಲ್ಲಿ ಮೇಲೆದ್ದಿತು? ಊರಿದ ಕಡೆ ಬಣ್ಣ ದಪ್ಪ, ಎದ್ದ ಕಡೆ ತೆಳು. ಗೆರೆ ಕೆಳಗಿನ ಬಣ್ಣವನ್ನೂ ಎಳೆದುಕೊಂಡು ಅಂಚಿನಲ್ಲಿ ಬೆರೆತಿದ್ದರೆ ಹಸಿ ಬಣ್ಣದ ಮೇಲೆ ಹಸಿ ಬಣ್ಣ ಹಚ್ಚಿದ್ದಾರೆ. ಕ್ಯಾನ್ವಾಸಿನ ನೇಯ್ಗೆಯ ಉಬ್ಬುಗಳ ಮೇಲಷ್ಟೇ ಕೂತು ತುಂಡುತುಂಡಾಗಿದ್ದರೆ ಅದು ಒಣ ಕುಂಚ, ಅಂದರೆ ಬಣ್ಣ ತೀರ ಕಡಿಮೆಯಿದ್ದ ಕುಂಚದ ಕೆಲಸ. ‘ಬಿಳಿ’ಯ ನೆರಳುಗಳಲ್ಲಿ ನೇರಳೆ, ನೀಲಿಬೂದು ಹುಡುಕಿ. ಈ ಉಡುಪಿನ ಸೊಗಸೆಲ್ಲ ಅಲ್ಲೇ ಇದೆ.

ಈಗ ಮುಖ. ಇಲ್ಲಿ ಗೆರೆಗಳು ಒಂದರೊಳಗೊಂದು ಸೇರಿಹೋಗಿವೆ. ಕೆನ್ನೆಯ ಅಂಚು ಎಲ್ಲಿ ಚೂಪಾಗಿದೆ, ಕೂದಲು ಎಲ್ಲಿ ಹಿನ್ನೆಲೆಯೊಳಗೆ ಮಾಯವಾಗುತ್ತದೆ ಎಂದು ಹೋಲಿಸಿ. ನೋಡುವವರ ಕಣ್ಣು ಮುಖದ ಮೇಲೆ ನಿಲ್ಲುವುದೇ ಈ ವ್ಯತ್ಯಾಸದಿಂದ. ಸಡಿಲ ಗೆರೆಯನ್ನು ಅವಸರ ಎಂದು ಓದುವುದು ಎಲ್ಲಕ್ಕಿಂತ ದೊಡ್ಡ ತಪ್ಪು: ತಲೆಯ ಭಾಗ ಸರಿಬಾರದಿದ್ದರೆ ಸಾರ್ಜೆಂಟ್ ಅದನ್ನು ಪೂರ್ತಿ ಕೆರೆದು ತೆಗೆದು ಮತ್ತೆ ಬರೆಯುತ್ತಿದ್ದರು.

ವಾರ್ನಿಷ್ ಹೊಳೆದು ಕಣ್ಣಿಗೆ ಹೊಡೆದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಓರೆಯಿಂದ ಬಿದ್ದ ಬೆಳಕಿನಲ್ಲಿ ದಪ್ಪ ಬಣ್ಣದ ಉಬ್ಬು ಎದ್ದು ಕಾಣುತ್ತದೆ. ಹಳೆಯ ಚಿತ್ರಗಳಲ್ಲಿ ಬಲೆಯಂತೆ ಹರಡಿದ ಸೀಳುಗಳು ವಯಸ್ಸಿನವು, ಕುಂಚದವಲ್ಲ. ಫೋನಿನಲ್ಲಿ ನೋಡುವವರಿಗೆ ಬಣ್ಣದ ದಪ್ಪ ಸಿಗದು, ಗೆರೆಯ ದಿಕ್ಕು ಸಿಗುತ್ತದೆ. ಹಿಗ್ಗಿಸಿ ನೋಡಿದ ಮೇಲೆ ಪ್ರತಿಸಲ ಇಡೀ ಚಿತ್ರಕ್ಕೆ ಮರಳಿ.

ಮೈಸೂರಿನ ಜಗನ್ಮೋಹನ ಅರಮನೆಯ ರವಿವರ್ಮನ ತೈಲಚಿತ್ರಗಳಿಗೂ ಇದೇ ಕ್ರಮ ಸಾಕು. ಅವನು ಚರ್ಮದಲ್ಲಿ ಗೆರೆಯನ್ನು ನಯವಾಗಿ ಅಡಗಿಸುತ್ತಾನೆ, ಹಾಗಾಗಿ ಅಲ್ಲಿ ಹುಡುಕಾಟವನ್ನು ಒಡವೆ ಮತ್ತು ಸೀರೆಯಂಚಿನ ಹೊಳಪಿನ ಚುಕ್ಕೆಗಳಿಂದ ಶುರುಮಾಡಿ.